ಗೋಡೆಯಿಲ್ಲದ ಆ ಬಾಗಿಲನ್ನು ಇನ್ನೊಮ್ಮೆ ತೋರಿಸಿ

ಮಾನ್ಯ ಚಿತ್ರೋತ್ಸವ ಅಧಿಕಾರಿಗಳೇ,

ಕಳೆದ ಭಾನುವಾರ ಬಂಟ್ವಾಳದಲ್ಲಿ ಎರಡನೆಯ ಬಾರಿ ತೋರಿಸಬೇಕಿದ್ದ ಪರದೇಶದ ಚಿತ್ರವನ್ನು ತಾವು ರದ್ದುಪಡಿಸಿದಿರಿ. ಸಭಾಭವನದ ಗೇಟಿಗೆ ಅಂಟಿಸಿದ ಚೀಟಿಯಲ್ಲಿ ಕಾರಣವನ್ನೂ ದಯಪಾಲಿಸಿದಿರಿ: ‘ಪ್ರೇಕ್ಷಕರಿಂದ ಮಿಶ್ರ ಪ್ರತಿಕ್ರಿಯೆ ಬಂದಿರುವುದರಿಂದ’. ಮಾನ್ಯರೇ, ನಮ್ಮ ಕಡೆ ಯಾವುದಕ್ಕೆ ಮಿಶ್ರ ಪ್ರತಿಕ್ರಿಯೆ ಬರುವುದಿಲ್ಲ? ನಾನೂ ನನ್ನ ಗಂಡ ಸಂಕಪ್ಪನವರೂ ಮಡಂತ್ಯಾರಿನಲ್ಲಿ ಹೋಟೆಲು ನಡೆಸುತ್ತೇವೆ. ಒಂದೇ ಪಾತ್ರೆಯ ಸಾಂಬಾರು ಒಂದು ಮೇಜಿನವರಿಗೆ ಖಾರ, ಪಕ್ಕದ ಮೇಜಿನವರಿಗೆ ಸಪ್ಪೆ. ಹಾಗೆಂದು ನಾವು ಹೋಟೆಲು ಮುಚ್ಚಿದ್ದೇವೆಯೇ?

ಶನಿವಾರದ ಮೊದಲ ಪ್ರದರ್ಶನಕ್ಕೆ ನಾವಿಬ್ಬರೂ ಪಕ್ಕದ ಬಟ್ಟೆ ಅಂಗಡಿಯ ಸೈನಬಳೊಂದಿಗೆ ಹೋಗಿದ್ದೆವು. ಭಾಷೆ ಯಾವುದೆಂದೇ ತಿಳಿಯಲಿಲ್ಲ. ಕೆಳಗೆ ಓಡುತ್ತಿದ್ದ ಇಂಗ್ಲಿಷ್ ಅಕ್ಷರಗಳು ನಮಗಾಗಿ ಕಾಯಲಿಲ್ಲ. ಆದರೆ ಆ ಬಣ್ಣಗಳು! ಒಬ್ಬ ಮುದಿ ಸನ್ಯಾಸಿನಿ ಕೆಂಪು ಬಾಗಿಲೊಂದನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತುತ್ತಾಳೆ. ತುದಿಯಲ್ಲಿ ಅದನ್ನು ನಿಲ್ಲಿಸಿ, ತಟ್ಟಿ, ತೆರೆದು ದಾಟುತ್ತಾಳೆ. ಅಷ್ಟೇ ಕಥೆ. ಸೈನಬ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. ನನ್ನ ಗಂಡ ಕೆಂಡವಾದರು.

ಬಸ್ಸು ಹತ್ತಿದ ಮೇಲೂ ಅವರ ಸಿಟ್ಟು ಇಳಿಯಲಿಲ್ಲ.

“ಗೋಡೆಯೇ ಇಲ್ಲದ ಮೇಲೆ ಬಾಗಿಲು ಯಾಕೆ? ಬದಿಯಿಂದ ಹೋದ್ರೆ ಆಗ್ತಿತ್ತಲ್ಲ ಮಾರಾಯ್ತಿ” ಎಂದರು.

ಸೈನಬ ಹೇಳಿದಳು: “ಬದಿಯಿಂದ ಹೋಗ್ಲಿಕ್ಕೆ ಎಲ್ಲರಿಗೂ ಬರ್ತದೆ ಸಂಕಪ್ಪಣ್ಣ. ಅವಳಿಗೆ ತಟ್ಟಿ ಹೋಗ್ಬೇಕಿತ್ತು.”

ಮುಂದಿನ ಸೀಟಿನವರು ತಿರುಗಿದರು. ತಟ್ಟಿದ್ದು ಯಾರಿಗೆ, ಆಚೆ ಯಾರಿದ್ದರು ಎಂದು ಸಿನಿಮಾ ನೋಡದವರೂ ವಾದಕ್ಕಿಳಿದರು. ಕಂಡಕ್ಟರ್ ನೋಣಯ್ಯ ಟಿಕೆಟು ಹರಿಯುವುದನ್ನು ಬಿಟ್ಟು ಸನ್ಯಾಸಿನಿಯ ಪರ ನಿಂತ. ಈ ಗಲಾಟೆಯಲ್ಲಿ ಮಡಂತ್ಯಾರು ಹಿಂದೆ ಹೋದದ್ದು ಯಾರಿಗೂ ತಿಳಿಯಲಿಲ್ಲ. ಗುರುವಾಯನಕೆರೆಯಲ್ಲಿ ಇಳಿದು, ನಗುತ್ತ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಬಸ್ಸಿನಲ್ಲಿ ಮರಳಿ ಬಂದೆವು.

ಮರುದಿನ ಆ ಬಸ್ಸಿನವರಲ್ಲಿ ಅರ್ಧಕ್ಕರ್ಧ ಜನ ಮನೆಯವರೊಂದಿಗೆ ಸಭಾಭವನದ ಗೇಟಿನೆದುರು ನಿಂತಿದ್ದರು. ವಾಮದಪದವಿನಿಂದಲೂ ಜೀಪು ಮಾಡಿಕೊಂಡು ಬಂದವರಿದ್ದರು. ಚೀಟಿ ಓದಿ ಎಲ್ಲರ ಮುಖ ಸಣ್ಣದಾಯಿತು. ಆಗ, ಮಾನ್ಯರೇ, ಮೆಟ್ಟಿಲು ಹತ್ತಿ ನಿಂತವರು ಯಾರು ಬಲ್ಲಿರಾ? ಚಿತ್ರವನ್ನು ಶಪಿಸಿದ ನನ್ನ ಗಂಡ. ಕಾವಲುಗಾರನ ಬೆಂಚನ್ನು ಬೆನ್ನ ಮೇಲೆ ಹೊತ್ತು, ಏದುಸಿರು ಬಿಡುತ್ತ, ಇಡೀ ಸಿನಿಮಾ ಮಾಡಿ ತೋರಿಸಿದರು. ಸೈನಬ ಕೆಳಗಿನಿಂದ ತಿದ್ದುತ್ತಿದ್ದಳು. ಜನ ಶಿಳ್ಳೆ ಹೊಡೆದರು. ಬೆಂಚನ್ನು ನೆಟ್ಟಗೆ ನಿಲ್ಲಿಸಿ ತಟ್ಟಲು ಕೈಯೆತ್ತಿದವರು ಹಾಗೆಯೇ ನಿಂತುಬಿಟ್ಟರು. ಶಿಳ್ಳೆ ನಿಂತಿತು. ಅವರ ಕಣ್ಣು ತುಂಬಿತ್ತು.

“ಇದರ ಮುಂದಿನದ್ದು ನಂಗೆ ಹೇಳ್ಲಿಕ್ಕೆ ಆಗುದಿಲ್ಲ. ನೀವೇ ನೋಡ್ಬೇಕು” ಎಂದರು.

ಈಗ ತಾವೇ ಹೇಳಿ, ಈ ಮನುಷ್ಯನ ಪ್ರತಿಕ್ರಿಯೆಯನ್ನು ತಾವು ಯಾವ ಕಡತಕ್ಕೆ ಸೇರಿಸುತ್ತೀರಿ? ಒಬ್ಬರೊಳಗೇ ಇಷ್ಟು ಮಿಶ್ರವಾಗಿದ್ದರೆ ಒಂದು ತಾಲೂಕು ಒಮ್ಮತದಿಂದ ಮೆಚ್ಚುವ ಚಿತ್ರವನ್ನು ಎಲ್ಲಿಂದ ತರುತ್ತೀರಿ? ತಂದರೂ ಅದನ್ನು ನೋಡಿ ಬಸ್ಸಿನಲ್ಲಿ ನಾವು ಏನು ಮಾತಾಡುವುದು?

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ: ಬರುವ ಭಾನುವಾರ ಆ ಚಿತ್ರವನ್ನು ಮತ್ತೆ ತೋರಿಸಬೇಕು. ತಾವೂ ನಮ್ಮ ನಡುವೆ ಕೂತು ನೋಡಬೇಕು. ಆಮೇಲೆ ನಮ್ಮೊಂದಿಗೆ ಜಗಳಕ್ಕೆ ಬರಬೇಕು.

ಇಂತಿ,
ಚಿತ್ರ ತನಗೆ ಪೂರ್ತಿ ಅರ್ಥವಾಯಿತೆಂದು ಊರಿಡೀ ಹೇಳಿಕೊಂಡು ಬಂದು ಈಗ ಸಂಶಯಕ್ಕೆ ಬಿದ್ದಿರುವ
ಕುಸುಮ, ಮಡಂತ್ಯಾರು