ನಲವತ್ತು ಸಾವಿರ ಎಂದು ಓದಿದವಳು

ಸೋಮವಾರ, ಬೆಳಿಗ್ಗೆ

ಮಾನ್ಯರೇ,

ಹನ್ನೆರಡು ವರ್ಷ ‘ರೀ’ ಎಂದ ಬಾಯಿ ‘ಮಾನ್ಯರೇ’ ಎನ್ನಲು ಒಪ್ಪುತ್ತಿಲ್ಲ. ಆದರೆ ಒಪ್ಪದ್ದನ್ನೂ ಗಟ್ಟಿಯಾಗಿ ಓದುವುದೇ ನನ್ನ ವೃತ್ತಿಯಾಗಿತ್ತಲ್ಲ, ಅಭ್ಯಾಸವಿದೆ.

ನೀವು ಕಳಿಸಿದ ಕೈಪಿಡಿ ತಲುಪಿತು. ನೀಲಿ ರಟ್ಟು, ದಪ್ಪ ಕಾಗದ, ಮೊದಲ ಪುಟದಲ್ಲಿ ಕೋಟು ತೊಟ್ಟ ನಿಮ್ಮ ಭಾವಚಿತ್ರ. ಬಾನುಲಿಗೆ ಹೊಸದಾಗಿ ಸೇರುವ ಅನುವಾದಕರು ಓದಿ ಉದ್ಧಾರವಾಗಲಿ. ಹದಿನಾಲ್ಕನೇ ಪುಟದಲ್ಲಿ ನಾನೂ ಇದ್ದೇನೆ: “ವಾಚಕಿಯೊಬ್ಬರು ನಾಲ್ಕು ಲಕ್ಷವನ್ನು ನಲವತ್ತು ಸಾವಿರ ಎಂದು ಓದಿದ್ದರಿಂದ ಹನ್ನೊಂದು ಜೀವಗಳು ಹೋದವು.” ಹೆಸರು ಹಾಕಿಲ್ಲ. ದೊಡ್ಡ ಮನಸ್ಸು ನಿಮ್ಮದು.

ನಾಟಕದಲ್ಲಿ ರಾಜನ ಪಾರ್ಟು ಮಾಡುತ್ತಿದ್ದವನ ಮಗಳು ನಾನು. ಪಿಸುಮಾತಾದರೂ ಕೊನೆಯ ಬೆಂಚಿಗೆ ಮುಟ್ಟಬೇಕು ಎಂದು ಅಪ್ಪ ಕಲಿಸಿದ್ದ. ಹಾಗಾಗಿ ಇದನ್ನು ಕೊನೆಯ ಬೆಂಚಿನವರಿಗೂ ಕೇಳುವಂತೆ ಬರೆಯುತ್ತೇನೆ.

ತೆರೆ ಸರಿಸಿ. ದೃಶ್ಯ: ವಾರ್ತಾ ವಿಭಾಗ. ಎರಡು ಮೇಜು, ಒಂದು ಫ್ಯಾನು, ಅದರ ಕಿರುಗುಟ್ಟುವಿಕೆ. ಗೋಡೆಯ ಮೇಲೆ ನಿಮ್ಮದೇ ದುಂಡು ಅಕ್ಷರದ ರಟ್ಟು: ಒಂದು ಮಿಲಿಯನ್, ಹತ್ತು ಲಕ್ಷ. ಹತ್ತು ಮಿಲಿಯನ್, ಒಂದು ಕೋಟಿ. ಒಂದು ಬಿಲಿಯನ್, ನೂರು ಕೋಟಿ. ಪರದೇಶದ ಸುದ್ದಿ ಸಂಸ್ಥೆ ಮಿಲಿಯನ್ನಿನಲ್ಲಿ ಕಳಿಸಿದ್ದನ್ನು ನಮ್ಮ ಲೆಕ್ಕಕ್ಕೆ ಇಳಿಸಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದು ಸಹಿ ಹಾಕುವುದು ನಿಮ್ಮ ಕೆಲಸ. ಇಡೀ ಕಚೇರಿ ನಿಮ್ಮನ್ನು ‘ಕೋಟಿ ಸಾಹೇಬರು’ ಎನ್ನುತ್ತಿತ್ತು. ಮದುವೆಗೆ ಮುಂಚೆ ಆ ರಟ್ಟಿನ ಕೆಳಗೇ ನಿಂತು, “ನಿನ್ನ ಧ್ವನಿಗೆ ಒಂದು ಬಿಲಿಯನ್ ಕಣೇ, ನೂರು ಕೋಟಿ. ಬೇಕಾದ್ರೆ ಎಣಿಸ್ಕೋ,” ಎಂದಿರಿ. ನಾನು ಕರಗಿ ನೀರಾದೆ.

ಇನ್ನು ಆ ದಿನ. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಎಲ್ಲರ ಎದುರು, ಹಿಂದಿನ ವಾರ ನಾನು ಕೋಟಿಯನ್ನು ಲಕ್ಷ ಎಂದದ್ದನ್ನು ನಟಿಸಿ ತೋರಿಸಿದಿರಿ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಅಂದಿರಿ: “ಇವಳ ತಲೆಗೆ ಸೊನ್ನೆ ಎಣಿಸೋಕೆ ಬರಲ್ಲ ಸ್ವಾಮಿ. ನಾನು ಬರೆದದ್ದನ್ನ ಓದ್ತಾಳೆ, ಅಷ್ಟೆ.” ನನ್ನ ಲೋಟದ ಕಾಫಿ ಹಾಗೇ ಉಳಿಯಿತು.

ಸಂಜೆ ಆರೂವರೆಯ ವಾರ್ತೆ. ಮೇಲಿನ ಅಣೆಕಟ್ಟೆಯಿಂದ 0.4 ಮಿಲಿಯನ್ ಕ್ಯೂಸೆಕ್ ನೀರು ಬಿಡುತ್ತಾರೆಂದು ಸುದ್ದಿ ಬಂತು. ಸೊನ್ನೆ ಬಿಂದು ನಾಲ್ಕು. ಮಿಲಿಯನ್ನಿಗೆ ಹತ್ತು ಲಕ್ಷ ಹಿಡಿದರೆ ನಾಲ್ಕು ಲಕ್ಷ. ಒಂದೇ ಲಕ್ಷ ಹಿಡಿದರೆ ನಲವತ್ತು ಸಾವಿರ. ಕೋಟಿ ಸಾಹೇಬರು, ತಲೆಯ ಮೇಲೇ ರಟ್ಟು ತೂಗುತ್ತಿರುವಾಗ, ಒಂದು ಲಕ್ಷ ಹಿಡಿದರು. ಕೆಂಪು ಶಾಯಿ, ಸಹಿ, ಎಲ್ಲ ಕ್ರಮವಾಗಿಯೇ ಇತ್ತು.

ನಾನು ಓದಿದೆ. ತಡವರಿಸದೆ, ನೂರು ಕೋಟಿಯ ಧ್ವನಿಯಲ್ಲಿ.

ಹೊಳೆಬೀದಿಯ ದರ್ಜಿಯೊಬ್ಬ ನೀರಿನ ಮಟ್ಟ ತಿಳಿಯಲೆಂದು ಸೇತುವೆಯ ಕಂಬಕ್ಕೆ ಬಣ್ಣದ ಪಟ್ಟೆ ಬಳಿದಿಟ್ಟಿದ್ದನಂತೆ. ನಲವತ್ತು ಸಾವಿರಕ್ಕೆ ಎರಡನೇ ಪಟ್ಟೆ. ಒಂದು ಲಕ್ಷ ದಾಟಿದರೆ ಬೀದಿ ಖಾಲಿ ಮಾಡಬೇಕು. ವಾರ್ತೆ ಕೇಳಿ, ಪಕ್ಕದ ಮನೆಯವರಿಗೂ ಕೇಳುವಂತೆ ಹೆಂಡತಿಗೆ, “ಎರಡನೇ ಪಟ್ಟೆ ಕಣೇ, ಸುಮ್ನೆ ಮಲ್ಕೋ. ಆಯಮ್ಮ ಓದಿದ್ರೆ ತಪ್ಪಿರಲ್ಲ,” ಎಂದನಂತೆ. ಬೆಳಗಾಗುವಾಗ ಕಂಬವೇ ಕಾಣುತ್ತಿರಲಿಲ್ಲ.

ವಿಚಾರಣೆಗೆ ನೀವು ಹೊಸ ಹಾಳೆ ಟೈಪು ಮಾಡಿ ತಂದಿರಿ. ಅದರಲ್ಲಿ ನಾಲ್ಕು ಲಕ್ಷ ಇತ್ತು. ನಾನು ಬಾಯಿ ಬಿಡಲಿಲ್ಲ. ಸಂಸಾರ ಉಳಿಯಲಿ ಎಂದು ಸುಮ್ಮನಿದ್ದೆ ಅಂದುಕೊಳ್ಳಿ. ನೀವು ಹಾಗೇ ಅಂದುಕೊಂಡಿರಿ, ನಾನೂ ಒಂಬತ್ತು ವರ್ಷ ಹಾಗೇ ಹೇಳಿಕೊಂಡೆ. ಕೆಲಸ ನನ್ನದು ಹೋಯಿತು. ಮನೆಗೆ ಬಂದ ಮೇಲೆ ನನ್ನ ಮುಖ ನೋಡಲು ನಿಮ್ಮಿಂದ ಆಗಲಿಲ್ಲ. ಆರು ತಿಂಗಳಿಗೆ ಸಂಸಾರವೂ ಹೋಯಿತು.

ಈಗ ನಾನು ಆಸ್ಪತ್ರೆಯಲ್ಲಿ ಟೋಕನ್ ಕೂಗುತ್ತೇನೆ. ಗಾಜಿನ ಗೂಡು, ಹಳೇ ಮೈಕು, ಉಗುಳಬೇಡಿ ಎಂಬ ಬೋರ್ಡು. ದಿನಕ್ಕೆ ನೂರಿಪ್ಪತ್ತರ ಮೇಲೆ ಸಂಖ್ಯೆಯಿಲ್ಲ. ಲಕ್ಷದ ಗೋಜಿಲ್ಲ, ಕೋಟಿಯ ಕಾಟವಿಲ್ಲ.

ಮೊನ್ನೆ ಗುರುವಾರ ಅರವತ್ತೆರಡು ಎಂದು ಕೂಗಿದೆ. ಅರವತ್ತೆರಡನೆಯವಳು ವೈದ್ಯರ ಕಡೆ ಹೋಗದೆ ನನ್ನ ಗೂಡಿನ ಮುಂದೆ ಬಂದು ನಿಂತಳು. “ಮುಂದೆ ಹೋಗಮ್ಮ, ನಿನ್ನ ಹಿಂದೆ ಜನ ಇದ್ದಾರೆ,” ಅಂದೆ. “ಈ ಧ್ವನಿ ನನಗೆ ಗೊತ್ತು,” ಅಂದಳು. ದರ್ಜಿಯ ಮಗಳು. ಅವತ್ತು ಹೊಳೆಬೀದಿಯಲ್ಲಿ ಇಲ್ಲದ್ದಕ್ಕೆ ಉಳಿದವಳು. ಹನ್ನೊಂದರಲ್ಲಿ ಮೂವರು ಅವಳವರು.

ನಿನ್ನೆ ಮನೆಗೆ ಕರೆದೆ. ಬಂದಳು. ಕುರ್ಚಿಯ ಅಂಚಿನಲ್ಲಿ ಕೂತು ಕೇಳಿದಳು: “ಅಮ್ಮಾ, ಜಗಳಕ್ಕೆ ಬಂದಿಲ್ಲ. ನೀವು ತಪ್ಪಾಗಿ ಓದಿದ್ರಾ, ಇಲ್ಲ ಕಾಗದದಲ್ಲೇ ತಪ್ಪಿತ್ತಾ? ನಮ್ಮಪ್ಪ ನಿಮ್ಮನ್ನ ನಂಬಿದ್ದು ದಡ್ಡತನಾನಾ, ಅಷ್ಟು ತಿಳೀಬೇಕು.”

ನಿಮ್ಮ ಕೈಪಿಡಿ ಅಲ್ಲೇ ಮೇಜಿನ ಮೇಲಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯ ತಳದಿಂದ ಅಸಲು ಹಾಳೆ ತೆಗೆದೆ. ಹೌದು, ನನ್ನ ಬಳಿಯೇ ಇತ್ತು. ನೀವು ಕಸದ ಬುಟ್ಟಿಯಲ್ಲೆಲ್ಲ ಹುಡುಕಿದಿರಲ್ಲ, ಆ ಹಾಳೆ. ಕೆಂಪು ಶಾಯಿ ಈಗ ಕಂದು ಬಣ್ಣಕ್ಕೆ ತಿರುಗಿದೆ. ನಿಮ್ಮ ಸಹಿ ಮಾತ್ರ ಸ್ಪಷ್ಟ. ಅವಳ ಕೈಗೆ ಕೊಟ್ಟೆ. ಎಲ್ಲಿಗೆ ಬೇಕಾದರೂ ಒಯ್ಯಲಿ. ಹದಿನಾಲ್ಕನೇ ಪುಟವನ್ನು ತಿದ್ದಿಕೊಳ್ಳಿ. ನೀವು ತಿದ್ದದಿದ್ದರೆ ಬೇರೆಯವರು ತಿದ್ದುತ್ತಾರೆ.

ಮಿಲಿಯನ್ನನ್ನು ಲಕ್ಷ ಮಾಡಬಹುದು, ಲಕ್ಷವನ್ನು ಕೋಟಿಗೆ ಏರಿಸಬಹುದು. ಹನ್ನೊಂದು ಮಾತ್ರ ಯಾವ ಲೆಕ್ಕಕ್ಕೆ ಇಳಿಸಿದರೂ ಹನ್ನೊಂದೇ.

ಇಲ್ಲಿಗೆ ವಾರ್ತೆ ಮುಗಿಯಿತು.

ಓದಿದವಳು,
ಒಂದು ಕಾಲದ ನಿಮ್ಮ ಹೆಂಡತಿ

ಮರೆತಿದ್ದೆ: ವಾಚಕರ ಪದ್ಧತಿ ನಿಮಗೆ ಗೊತ್ತೇ ಇದೆ. ಒಳಗೆ ಹೋಗುವ ಮುನ್ನ ಹಾಳೆಯ ಮೇಲೆ ಕಣ್ಣಾಡಿಸಿ, ಅನುಮಾನ ಬಂದ ಅಂಕಿಯ ಕೆಳಗೆ ಪೆನ್ಸಿಲಿನಿಂದ ಸಣ್ಣ ಸುತ್ತು ಹಾಕಬೇಕು, ಎದ್ದು ಹೋಗಿ ಅನುವಾದಕರನ್ನು ಕೇಳಬೇಕು. ಆ ಹಾಳೆಯಲ್ಲಿ ನಲವತ್ತು ಸಾವಿರದ ಕೆಳಗೆ ಸುತ್ತು ಇದೆ. ನನಗೆ ಸೊನ್ನೆ ಎಣಿಸಲು ಬಂದಿತ್ತು. ಐದು ನಿಮಿಷ ಸಮಯವೂ ಇತ್ತು. ನಾಳೆ ಕ್ಯಾಂಟೀನಿನಲ್ಲಿ ನಗು ಯಾರ ಮೇಲೆ ಬೀಳುತ್ತದೆ ನೋಡೋಣ ಎಂದು ಕೂತಲ್ಲೇ ಕೂತೆ. ಹೊಳೆ ನೆನಪಾಗಲಿಲ್ಲ, ನಿಮ್ಮ ಮುಖವೊಂದೇ ನೆನಪಿತ್ತು. ವಿಚಾರಣೆಯಲ್ಲಿ ಹಾಳೆ ಹೊರಗೆ ತೆಗೆಯದೆ ಇದ್ದದ್ದು ಇದಕ್ಕೆ, ಸಂಸಾರಕ್ಕಲ್ಲ. ಆ ಹುಡುಗಿ ಸುತ್ತಿನ ಮೇಲೆ ಬೆರಳಿಟ್ಟು, “ಇದೇನಮ್ಮಾ?” ಎಂದಳು. ಹೇಳಿದೆ. ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಹೊಸಿಲ ಬಳಿ ನಿಂತು ಅಂದಳು: “ನಮ್ಮಪ್ಪ ಹೇಳಿದ್ದು ಸರಿ. ನೀವು ತಪ್ಪಾಗಿ ಓದಲ್ಲ.”