ಉಗ್ರಾಣದ ಗೋಡೆಯಲ್ಲಿ ಉಳಿ ತಾಗದ ಕಲ್ಲು

ಹಷಬ್ಯ ಮಾವನಿಗೆ, ನಿಮ್ಮ ತಂಗಿಯ ಮಗ ಪೆಲತ್ಯ ಬೇಡಿಕೊಳ್ಳುವುದು: ಮೊದಲು ಗಂಟು ನೋಡಿ, ಆಮೇಲೆ ಓದಿ.

ಈ ಮಡಕೆ ಚೂರುಗಳನ್ನು ಸುತ್ತಿದ ಬಟ್ಟೆಗೆ ಅಮ್ಮ ಮೊಸರು ಹಿಂಡುವಾಗ ಹಾಕುವ ಗಂಟನ್ನೇ ಹಾಕಿದ್ದಾಳೆ. ಎಡಕ್ಕೆ ಎರಡು ಸುತ್ತು, ತುದಿ ಒಳಗೆ. ಹಾಗಿಲ್ಲದಿದ್ದರೆ ದಾರಿಯಲ್ಲಿ ಯಾರೋ ಬಿಚ್ಚಿ ಓದಿ ಮತ್ತೆ ಕಟ್ಟಿದ್ದಾರೆ. ಆಗ ಚೂರುಗಳನ್ನು ಪುಡಿಮಾಡಿ, ಯಾರಿಗೂ ಹೇಳದೆ ಯೆರೂಸಲೇಮನ್ನು ಬಿಟ್ಟುಬಿಡಿ. ಇದನ್ನು ತರುತ್ತಿರುವ ಉಪ್ಪು ಮಾರುವ ಜೆರಹನ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಆದರೆ ಅವನು ಎದೋಮ್ ನಾಡಿನವನು, ನಮ್ಮ ರಾಜನಿಂದ ಅವನಿಗೆ ಆಗಬೇಕಾದದ್ದೇನೂ ಇಲ್ಲ. ಈಗ ನಂಬಲು ಅಷ್ಟು ಕಾರಣ ಸಾಕು.

ನನ್ನನ್ನು ನಂಬಲು ನಿಮಗೆ ಯಾವ ಕಾರಣವೂ ಇಲ್ಲ ಎಂದು ಗೊತ್ತಿದೆ. ಬಲಿಪೀಠದ ತಣ್ಣಗಾದ ಬೂದಿಯ ಮೇಲೆ ಬೆರಳು ಹಿಡಿದು ನನಗೆ ಅಕ್ಷರ ಕಲಿಸಿದವರು ನೀವು. ಆ ಅಕ್ಷರ ಕಲಿತು ನಾನು ಮಾಡಿದ್ದೇನು? ಕುಂಬಾರರ ತಿಪ್ಪೆಯ ಹಿಂದೆ ಕೈಯಿಂದ ಕೈಗೆ ದಾಟುತ್ತಿದ್ದ ಚೂರುಗಳನ್ನು ಓದಿದೆ. ದೊರೆಗಳನ್ನು ಬೈಯುವ ಮಾತುಗಳು, ವಿಧವೆಯ ಹೊಲ ನುಂಗಿದವರಿಗೆ ಶಾಪ. ಬರೆದವರು ಯಾರೆಂದು ಗೊತ್ತಿರಲಿಲ್ಲ. ಒಂದೊಂದನ್ನೂ ಬಾಯಿಪಾಠ ಮಾಡಿದೆ. ಹೊಸ ರಾಜ ಹಳೆಯ ಸುರುಳಿಯೊಂದನ್ನು ಕೈಗೆತ್ತಿಕೊಂಡು, ಇನ್ನು ಮೇಲೆ ಇದೇ ಕಾನೂನು, ಒಬ್ಬ ದೇವರಿಗೆ ಯೆರೂಸಲೇಮಿನಲ್ಲಿ ಒಂದೇ ಬಲಿಪೀಠ, ಬಡವನಿಗೂ ಒಂದೇ ನ್ಯಾಯ ಎಂದು ಸಾರಿಸಿದಾಗ ಚೂರುಗಳಲ್ಲಿ ಓದಿದ್ದೆಲ್ಲ ನಿಜವಾಗುತ್ತಿದೆ ಅಂದುಕೊಂಡೆ. ನೀವು ನಕ್ಕಿದ್ದಿರಿ. "ಲೋ, ಊರಲ್ಲಿ ಎಲ್ಲರ ಮೇಲೂ ಅನುಮಾನ ಪಡ್ತೀಯ, ರಾಜನ್ನ ಮಾತ್ರ ಯಾಕೋ ಬಿಟ್ಟೆ?" ಅಂದಿರಿ. ಆ ಮಾತಿಗೆ ಮೂರು ದಿನ ನಿಮ್ಮ ಮನೆಯಲ್ಲಿ ಊಟ ಮಾಡಲಿಲ್ಲ.

ರಾಜನ ಅಧಿಕಾರಿ ಬೆರೆಕ್ಯ ಸುತ್ತಿಗೆಯವರನ್ನು ಕರೆದುಕೊಂಡು ಬಂದ ದಿನ ಊರಬಾಗಿಲಲ್ಲಿ ನಿಂತು ನಮ್ಮ ಬಲಿಪೀಠ ಒಡೆಯುವ ಆಜ್ಞೆ ಓದಿದವನು ನಾನೇ. ಎಲ್ಲರೂ ದಿಬ್ಬ ಹತ್ತಿದರೆ ಅಲ್ಲಿ ಬಲಿಪೀಠವೇ ಇಲ್ಲ. ಹನ್ನೆರಡು ಕಲ್ಲುಗಳಿದ್ದ ಕಡೆ ಗುಡಿಸಿ ನೀರು ಚಿಮುಕಿಸಿದ ನೆಲ. ಕಲ್ಲೆಲ್ಲಿ ಎಂದು ಬೆರೆಕ್ಯ ಕೇಳಿದ. "ತಾವು ಬರ್ತೀರಿ ಅಂತ ಗೊತ್ತಾಗಿ ದೇವರೇ ಎದ್ದು ಹೋದನೇನೋ ಸ್ವಾಮಿ. ನಾನು ಬರೀ ಪೂಜಾರಿ, ನನಗೆ ಹೇಳಿ ಹೋಗ್ತಾನಾ?" ಅಂದಿರಿ. ಜನ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ನಾನು ನಗಲಿಲ್ಲ. ಅವರು ನಗುತ್ತಿರುವುದು ನನ್ನನ್ನೇ ಎಂದು ಅನುಮಾನವಾಯಿತು.

ಆಮೇಲೆ ನಾನು ಮಾಡಿದ ತಪ್ಪು ನಿಮಗೆ ಗೊತ್ತು. ಪೀಠ ಕಳೆದುಕೊಂಡ ಪೂಜಾರಿ ಯೆರೂಸಲೇಮಿಗೆ ಬಂದರೆ ಅಲ್ಲಿಯವರ ಜೊತೆ ನಿಂತು ಸೇವೆ ಮಾಡಬಹುದು, ಸಮಪಾಲು ತಿನ್ನಬಹುದು ಎಂದು ಸುರುಳಿಯಲ್ಲಿದೆ. ಅದನ್ನು ನಿಮಗೆ ಎರಡು ಸಲ ಓದಿ ಹೇಳಿ, ಹೊರಡಿಸಿದೆ. ಒಂದನ್ನು ಮಾತ್ರ ಮುಚ್ಚಿಟ್ಟೆ. ಬೆರೆಕ್ಯ ನಿಮ್ಮನ್ನು ಬಿಟ್ಟದ್ದು ನನ್ನ ಜಾಮೀನಿನ ಮೇಲೆ. ಜವೆಗೋಧಿಗೆ ಕುಡುಗೋಲು ಬೀಳುವ ಮೊದಲು ನಾನು ಆ ಕಲ್ಲುಗಳನ್ನು ಹುಡುಕಿ ಒಡೆಸಬೇಕು, ಇಲ್ಲವಾದರೆ ನಿಮ್ಮನ್ನು ಅಲ್ಲಿಂದ ಎಳೆದು ತಂದು ರಾಜನ ಕಲ್ಲುಗಣಿಗೆ ಹಾಕುತ್ತಾರೆ.

ಮಳೆಗಾಲವಿಡೀ ಹುಡುಕಿದೆ. ಬಾವಿಗೆ ಇಳಿದೆ, ಕುಂಬಾರರ ಒಲೆ ಕೆದಕಿದೆ, ಮನೆಯ ಕಾಳಿನ ಗುಳಿಯನ್ನೂ ಅಗೆದೆ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ನಿಮ್ಮ ರಾಜನಿಗೆ ಕಲ್ಲಿನ ಮೇಲೆ ಅಷ್ಟೊಂದು ಆಸೆ ಇದ್ರೆ ಬೆಟ್ಟದ ತುಂಬ ಬಿದ್ದಿದೆ, ಆರಿಸಿ ಕಳ್ಸು. ನನ್ನ ಕಾಳಿನ ಗುಳಿ ಯಾಕೆ ಅಗೀತೀಯ?" ನಾನು ಹೋದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ಉಗ್ರಾಣ ಕಟ್ಟುವ ಬಿಟ್ಟಿ ಕೆಲಸದ ಜಾಗದಲ್ಲಂತೂ ಕಲ್ಲುಕುಟಿಗ ಶೆಮೇರ್, "ಕೆಮ್ಮೋರು ಕೆಮ್ಮಿ ಮುಗಿಸ್ರಪ್ಪಾ, ರಾಜನ ಕಿವಿ ಬಂತು" ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದ.

ಆ ಉಗ್ರಾಣದಲ್ಲಿಯೇ ಸಿಕ್ಕಿತು, ಮಾವ. ಗೋಡೆ ನೇರವಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಹತ್ತು ದಿನದ ಹಿಂದೆ, ಮಧ್ಯಾಹ್ನದ ಬಿಸಿಲಿನಲ್ಲಿ, ಬಾಗಿಲ ಬಲಕ್ಕೆ ಮೂರನೇ ಸಾಲಿನ ಮೇಲೆ ಅಂಗೈ ಆಡಿಸುತ್ತಿದ್ದೆ. ರಾಜನ ಕಟ್ಟಡದ ಕಲ್ಲಿಗೆಲ್ಲ ಉಳಿಯ ಗೀರು ಇರುತ್ತದೆ. ಒಂದು ಕಡೆ ಗೀರು ನಿಂತುಹೋಯಿತು. ಕೈಗೆ ನುಣುಪು ಹತ್ತಿತು. ಅಲ್ಲಿಂದಾಚೆಗೆ ಹನ್ನೆರಡು ಕಲ್ಲು, ಒಂದಕ್ಕೂ ಕಬ್ಬಿಣ ತಾಗಿಲ್ಲ. ಕಬ್ಬಿಣ ತಾಗಿದರೆ ಮೈಲಿಗೆ ಎಂದು ನಾವು ಉಳಿ ಮುಟ್ಟಿಸದೆ ಬಿಡುವುದು ಬಲಿಪೀಠದ ಕಲ್ಲನ್ನು ಮಾತ್ರ. ಮಸಿಯ ಮುಖವನ್ನು ಒಳಕ್ಕೆ ತಿರುಗಿಸಿ ಮಣ್ಣು ಮೆತ್ತಿದ್ದಿರಿ. ನಿಮ್ಮ ಬಿಟ್ಟಿಯ ತಿಂಗಳು ಅದೇ ಗೋಡೆಯ ಮೇಲಿತ್ತು. ಜೊತೆಗಿದ್ದ ನಲವತ್ತು ಮಂದಿಗೂ ಗೊತ್ತಿತ್ತು. ಇಡೀ ಊರಲ್ಲಿ ಗೊತ್ತಿಲ್ಲದವರು ಇಬ್ಬರೇ, ಬೆರೆಕ್ಯ ಮತ್ತು ನಾನು. ಯಾರ ಜೊತೆ ನನ್ನನ್ನು ಸೇರಿಸಿದ್ದಿರಿ ಎಂದು ಅರ್ಥವಾಗಿ, ಗೋಡೆಗೆ ಒರಗಿ ಕುಳಿತುಬಿಟ್ಟೆ.

ಆದರೂ ಅಂದು ಸಂಜೆ ಬೆರೆಕ್ಯನ ಮನೆಯ ಕಡೆ ಹೊರಟಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಹೇಳಿದರೆ ನೀವು ಉಳಿಯುತ್ತಿದ್ದಿರಿ, ನಲವತ್ತು ಮಂದಿ ಗಣಿಗೆ ಹೋಗುತ್ತಿದ್ದರು, ಕಾನೂನು ಕಾನೂನೇ ಎಂದುಕೊಂಡೆ. ದಾರಿಯಲ್ಲಿ ಜೆರಹ ಸಿಕ್ಕಿ ನಿಮ್ಮ ಮಾತು ಒಪ್ಪಿಸಿದ. "ರೊಟ್ಟಿ ಕೊಡ್ತಾರಂತೆ. ಬಲಿಪೀಠದ ಮೆಟ್ಟಿಲು ಹತ್ತೋಕೆ ಬಿಡಲ್ವಂತೆ. ನನ್ನ ಅಂಗೈ ಮೆತ್ತಗಾಗ್ತಿದೆ ಅಂತ ಹುಡುಗನಿಗೆ ಹೇಳು ಅಂದ್ರು ಮುದುಕಪ್ಪ."

ಸಮಪಾಲು ಎಂದು ಓದಿದವನು ನಾನು.

ಆಗ ಸುರುಳಿಯ ಮೇಲೆಯೇ ಅನುಮಾನ ಬಂತು. ಬೆರೆಕ್ಯ ಓದಬೇಕಾದ ಭಾಗದ ಎರಡೂ ಕೊನೆಗೆ ಕೆಂಪು ನೂಲು ಸಿಕ್ಕಿಸಿ ಕೊಡುತ್ತಿದ್ದ. ನೂಲಿನಿಂದ ನೂಲಿಗೆ ಓದುತ್ತಿದ್ದೆ, ಆಚೆ ಕಣ್ಣು ಹಾಯಿಸಿರಲೇ ಇಲ್ಲ. ಮರುದಿನ ಅವನು ಸ್ನಾನಕ್ಕೆ ಹೋದಾಗ ನೂಲು ದಾಟಿ ಓದಿದೆ. ಮೂರನೇ ವರ್ಷದ ಬೆಳೆಯ ಹತ್ತನೇ ಪಾಲು ಎಲ್ಲಿಗೂ ಹೋಗಕೂಡದಂತೆ. ಊರಬಾಗಿಲ ಒಳಗೇ ಇಟ್ಟು ವಿಧವೆಯರಿಗೆ, ತಬ್ಬಲಿಗಳಿಗೆ, ನೆಲೆಯಿಲ್ಲದ ಪೂಜಾರಿಗಳಿಗೆ ಹಂಚಬೇಕಂತೆ. ಇದು ಮೂರನೇ ವರ್ಷ, ಮಾವ. ಗೋಡೆ ಮುಗಿದದ್ದೇ ತಡ, ಆ ಪಾಲನ್ನೆಲ್ಲ ಉಗ್ರಾಣಕ್ಕೆ ತುಂಬಿಸಿಯಾಗಿದೆ, ದಂಡಿನ ಕೋಟೆಗೆ ಸಾಗಿಸಲು ಕತ್ತೆಗಳಿಗೆ ಹೇಳಿ ಕಳಿಸಿದ್ದಾಗಿದೆ. ನೂಲು ಕಟ್ಟಿದ್ದು ರಾಜನೋ ಬೆರೆಕ್ಯನೋ ಗೊತ್ತಿಲ್ಲ. ಗೊತ್ತಿಲ್ಲದೆ ರಾಜನೊಬ್ಬನನ್ನು ಅನುಮಾನದಿಂದ ಬಿಡುವ ಕೆಲಸ ಇನ್ನು ನನ್ನಿಂದಾಗದು.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಹೊಳೆಯ ಪಾತ್ರದಿಂದ ಹನ್ನೆರಡು ಕಲ್ಲು ತರಿಸಿ, ಕುರಿ ಕೊಬ್ಬು ಸವರಿ, ಮೂರು ದಿನ ಒಲೆಯಲ್ಲಿಟ್ಟು ಹೊಗೆ ಹಾಕಿದಳು. ಹಳ್ಳದಲ್ಲಿ ಸಿಕ್ಕಿತು ಎಂದು ಅವನ್ನು ಬೆರೆಕ್ಯನ ಮುಂದೆ ಇಟ್ಟೆ. ನನ್ನ ಬದುಕಿನ ಮೊದಲ ಸುಳ್ಳು. ಅವನು ಮಸಿಯನ್ನು ಬೆರಳಿಗೆ ಹತ್ತಿಸಿಕೊಂಡು ಮೂಸಿದ. "ಕೊಬ್ಬು ಇನ್ನೂ ಹಸಿ ಇದೆಯಲ್ಲೋ" ಅಂದ. ಸುತ್ತಿಗೆಯವರಿಗೆ ಸನ್ನೆ ಮಾಡಿ ಎಲ್ಲವನ್ನೂ ಪುಡಿ ಮಾಡಿಸಿದ. ಅವರು ಹೋದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ನೂಲು ಜರುಗಿದ್ದು ನೋಡಿದೀನಿ. ನಿನ್ನ ಕಲ್ಲನ್ನ ನಾನು ಒಪ್ಕೊಂಡೆ. ನನ್ನ ನೂಲನ್ನ ನೀನು ಒಪ್ಕೋ. ಬುದ್ಧಿವಂತ ಹುಡುಗ, ಮುಂದೆ ಬರ್ತೀಯ" ಅಂದ. ಹೆಗಲು ಎಷ್ಟು ತೊಳೆದರೂ ಆ ಕೈ ಹೋಗುತ್ತಿಲ್ಲ.

ಇಂದಿಗೆ ಆರನೇ ದಿನ, ವಿಶ್ರಾಂತಿಯ ದಿನವಾದ ಸಬ್ಬತ್ತಿನ ಮಾರನೇ ಬೆಳಿಗ್ಗೆ, ಊರಬಾಗಿಲಲ್ಲಿ ಓದುವವನು ನಾನು. ನೂಲಿನ ಹತ್ತಿರ ನಿಲ್ಲುವುದಿಲ್ಲ. ಓದಿದರೆ ಬೆರೆಕ್ಯನಿಗೆ ಕೊಬ್ಬಿನ ವಾಸನೆ ಮತ್ತೆ ನೆನಪಾಗುತ್ತದೆ, ಮೊದಲು ನಿಮ್ಮನ್ನು ಹಿಡಿಯಲು ಆಳು ಓಡುತ್ತಾನೆ. ಜೆರಹ ಮೂರನೇ ದಿನಕ್ಕೆ ನಿಮ್ಮಲ್ಲಿರುತ್ತಾನೆ. ಅವನ ಬಳಿ ಹೊರೆಯಿಲ್ಲದ ಒಂದು ಕತ್ತೆ ಇದೆ. ಅವನ ಜೊತೆ ಹೊರಟು ಉಪ್ಪಿನವರ ಗುಡಾರ ಸೇರಿಕೊಳ್ಳಿ. ಇದೂ ಬಲೆಯಿರಬಹುದು ಎಂದು ನಿಮಗೆ ಅನಿಸಿದರೆ ತಪ್ಪಿಲ್ಲ, ಅನುಮಾನ ಪಡಬೇಕಾದವನೇ ನಾನು. ಅದಕ್ಕೇ ಗಂಟು ನೋಡಿ ಅಂದದ್ದು. ಅಮ್ಮ ಅದನ್ನು ಕಟ್ಟುತ್ತಾ, "ಓದು, ಹೆದರಬೇಡ. ಆದ್ರೆ ನಮ್ಮಣ್ಣ ಗಡಿ ದಾಟಿದ್ಮೇಲೆ ಓದು" ಅಂದಳು.

ನಮ್ಮ ಬಗ್ಗೆ ಚಿಂತೆ ಬೇಡ. ಶೆಮೇರ್‌ಗೂ ಹೇಳಿದ್ದೇನೆ. ಅವನು ಉಳಿ ಕೆಳಗಿಟ್ಟು, "ಈಗ ಕೆಮ್ಮು ಬಂದ್ರೂ ಪರವಾಗಿಲ್ಲ" ಅಂದ. ಆ ಬೆಳಿಗ್ಗೆ ನಲವತ್ತು ಮಂದಿಯೂ ಉಗ್ರಾಣದ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಮುಂದೆ ಬುಟ್ಟಿ ಹಿಡಿದ ವಿಧವೆಯರು. ಬೆರೆಕ್ಯನಿಗೆ ನಿಮ್ಮ ಕಲ್ಲು ಬೇಕೇ ಬೇಕಾದರೆ, ಅಷ್ಟು ಜನರ ಕಣ್ಣೆದುರು ರಾಜನ ಉಗ್ರಾಣವನ್ನೇ ಒಡೆಯಲಿ. ಕಾಳು ತಾನಾಗಿಯೇ ಆ ವಿಧವೆಯರ ಕಾಲಬಳಿ ಸುರಿಯುತ್ತದೆ.

ನಿಮ್ಮನ್ನು ಕಳಿಸಿದ ಬಾಯಿಯಿಂದಲೇ ಕರೆಯುತ್ತಿದ್ದೇನೆ, ಅಲ್ಲಿಂದ ಹೊರಟುಬನ್ನಿ. ದೇವರು ನಿಮ್ಮ ಕತ್ತೆಯ ಕಾಲು ಕಾಯಲಿ. ನಿಮ್ಮ ಅಂಗೈ ಮತ್ತೆ ಗಡುಸಾಗಲಿ, ಅದಕ್ಕೆ ಬೂದಿ ಹತ್ತಲಿ.

ನೀವು ಅಕ್ಷರ ಕಲಿಸಿದ
ಪೆಲತ್ಯ