ಒಳಮೈಗೆ ಹಾಕಿದ ಗುರುತು

ಫೆಬ್ರವರಿ ೧೭, ಸೋಮವಾರ

ಗೇರ್ ಆಯಿಲ್ ಇಳಿಸಿದ್ದಾಯಿತು. ಆಯಿಲ್ ಅನ್ನುವುದು ಮರ್ಯಾದೆಯ ಮಾತು... ಕಪ್ಪು ಗಸಿ. ತಳದಲ್ಲಿ ಗೇರಿನ ಎರಡು ಹಲ್ಲು ಸಿಕ್ಕವು, ಕರಕರ ಅನ್ನುತ್ತಿದ್ದ ಮೂರನೆಯದೇ ಇರಬೇಕು. ಅತ್ತೆಯ ದೊಡ್ಡ ಪಾತ್ರೆಯಲ್ಲೇ ಇಳಿಸಿದ್ದು. ಇನ್ನೂ ಅವರಿಗೆ ಗೊತ್ತಿಲ್ಲ.

ಬೆಳಿಗ್ಗೆ ಅಣ್ಣ ಬಂದಿದ್ದ. ಅದೇ ಹಳೇ ರಾಗ: ಅಪ್ಪ ಹೋದ ಮೇಲೆ ಅಪ್ಪನ ಟ್ರ್ಯಾಕ್ಟರ್ ಯಾಕೆ, ಗುಜರಿಗೆ ಹಾಕೋಣ. ಜಗಳ ಆಡೀ ಆಡೀ ಕೊನೆಗೆ ಒಂದು ಮಾತಿಗೆ ಬಂದ.

"ಎರಡನೇ ತಾರೀಕು ಗುಜರಿಯವನು ನಮ್ಮನೆಗೆ ಬರ್ತಾನೆ. ಅಷ್ಟರಲ್ಲಿ ಅದು ತಾನಾಗೇ ನನ್ನ ಅಂಗಳಕ್ಕೆ ಬಂದ್ರೆ ನಿನ್ನದು. ಎಳಕೊಂಡು ಬಂದ್ರೆ ಅವನದು."

"ಆಗ್ಲಿ" ಅಂದೆ. ಬಾಯಿಂದ ಬಂದೇಬಿಟ್ಟಿತು. ಗೇರ್‌ಬಾಕ್ಸ್ ಒಳಗೆ ಏನಿರುತ್ತದೆ ಅಂತ ನಾನು ಕಂಡವಳಲ್ಲ.

ಫೆಬ್ರವರಿ ೧೮, ಮಂಗಳವಾರ

ಮೆಕ್ಯಾನಿಕ್ ಬಂದ. ಬಗ್ಗಿ ಕೂಡ ನೋಡಲಿಲ್ಲ. "ಅಕ್ಕಾ, ಇದರ ಓರಗೆಯವೆಲ್ಲ ಕರಗಿ ಕಿಟಕಿ ಸರಳಾಗಿವೆ" ಅಂದ. ಟೀ ಮಾತ್ರ ಕುಡಿದು ಹೋದ.

ಸರಿ, ನಾವೇ. ನಾವು ಅಂದರೆ ನಾನು ಮತ್ತು ಇವರು. ಇವರು ಟೈಲರ್. ಬೋಲ್ಟಿಗೆ ಕೈ ಹಾಕುವ ಮೊದಲು ಕುತ್ತಿಗೆಯಿಂದ ಟೇಪ್ ತೆಗೆದು ಗೇರ್‌ಬಾಕ್ಸಿನ ಅಳತೆ ತೆಗೆದರು. ಯಾಕೆ ಅಂದೆ. "ಅಭ್ಯಾಸ" ಅಂದರು. ಮುಂದೆ ಕೇಳಲಿಲ್ಲ. ಕೇಳಿದರೆ ಸಿಟ್ಟು ಬರುವುದು ನನಗೇ.

ಫೆಬ್ರವರಿ ೨೧, ಶುಕ್ರವಾರ

ಮೇಲಿನ ಶಾಫ್ಟ್ ಹೊರಗೆ ಬಂತು. ಮೂರು ದಿನ ಒದ್ದಾಡಿದೆವು. ಬೇರಿಂಗ್ ಜಪ್ಪಯ್ಯ ಅಂದರೂ ಕದಲಲಿಲ್ಲ. ನಾನು ಸುತ್ತಿಗೆ ಎತ್ತಿದೆ. ಇವರು ಕೈ ಹಿಡಿದರು.

"ಹಂಗೆ ಹೊಡೀಬೇಡ. ಹೊಲಿಗೆ ಬಿಚ್ಚೋ ಹಂಗೆ. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ."

ಮರದ ತುಂಡು ಇಟ್ಟು ಸುತ್ತಲೂ ಟಕ್ ಟಕ್ ಅನ್ನಿಸಿದರು. ಬಂತು. ಗೇರ್‌ಗಳನ್ನು ಬಂದ ಕ್ರಮದಲ್ಲೇ ಹಗ್ಗಕ್ಕೆ ಪೋಣಿಸಿ, ಒಂದೊಂದಕ್ಕೂ ಬಟ್ಟೆಯ ಚೂರು ಕಟ್ಟಿ ನಂಬರ್ ಹಾಕಿದರು. ಹಗ್ಗ ಈಗ ಅಂಗಡಿಯಲ್ಲಿ, ಗಿರಾಕಿಗಳ ಕೋಟುಗಳ ಪಕ್ಕ.

ಕೆಳಗಿನ ಶಾಫ್ಟ್ ಬರಬೇಕಾದರೆ ಹಿಂದಿನ ಕ್ರೌನ್ ವೀಲ್ ತೆಗೆಯಬೇಕು. ಹಿಂದಿನ ಚಕ್ರಗಳನ್ನು ತಿರುಗಿಸುವ ಹಲ್ಲುಗಾಲಿ ಅದು, ತಟ್ಟೆಗಿಂತ ದೊಡ್ಡದು. ಹೀಗೂ ಕೂರುತ್ತದೆ, ತಿರುಗಿಸಿ ಹಾಗೂ ಕೂರುತ್ತದೆ. ಅದಕ್ಕೇ ಇವರು ಚಾಕ್‌ಪೀಸಿನಲ್ಲಿ ಒಂದು ಕಡೆ ಗುರುತು ಹಾಕಿದರು.

ಅತ್ತೆಗೆ ಪಾತ್ರೆಯ ವಿಷಯ ಗೊತ್ತಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಫೆಬ್ರವರಿ ೨೬, ಬುಧವಾರ

ಹಳೇ ಸಾಮಾನಿನ ಅಂಗಡಿಯಲ್ಲಿ ಮೂರನೇ ಗೇರ್ ಸಿಕ್ಕಿತು. ಅಪ್ಪ ಸತ್ತಾಗಿನಿಂದ ಇಷ್ಟು ಖುಷಿ ಆಗಿರಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಅಪ್ಪ ನನಗೆ ಗೇರ್ ಕಲಿಸಿದ್ದು ಮಡ್‌ಗಾರ್ಡ್ ಮೇಲೆ ಕೂತು. "ಬಲ ಬೇಡ, ಕಿವಿ ಕೊಡು" ಅನ್ನುತ್ತಿದ್ದ. ಅಣ್ಣ ಒಂದೇ ಒಂದು ಸಲ ಗೇರ್ ಕರಕರ ಕಡಿಸಿದ. ಆಮೇಲೆ ಅಪ್ಪ ಅವನನ್ನು ಸೀಟಿಗೆ ಹತ್ತಿಸಲೇ ಇಲ್ಲ.

ಮಧ್ಯಾಹ್ನ ಇವರು ಯಾರದೋ ಅಳತೆ ತೆಗೆಯಲು ಅಂಗಡಿಗೆ ಹೋದರು. ಕಾಯುವ ತಾಳ್ಮೆ ನನಗೆಲ್ಲಿಯದು. ಕ್ರೌನ್ ವೀಲ್ ನಾನೇ ಕೂರಿಸಿದೆ, ಗುರುತಿನ ಮೈ ಹೊರಗೆ ಮಾಡಿ. ಸೊಗಸಾಗಿ ಕೂತಿತು.

ಮಾರ್ಚ್ ೧, ಶನಿವಾರ, ರಾತ್ರಿ

ಸ್ಟಾರ್ಟ್ ಆಯಿತು. ಫಸ್ಟ್ ಹಾಕಿದೆ. ಗಾಡಿ ಹಿಂದಕ್ಕೆ ಹೋಯಿತು.

ಸೆಕೆಂಡ್ ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಬಟ್ಟೆ ಒಣಗಿಸುವ ಹಗ್ಗ, ಅತ್ತೆಯ ಎರಡು ಸೀರೆ, ಎಲ್ಲ ಜೊತೆಗೇ ಬಂದವು.

ಇವರು ಇಣುಕಿದರು. "ಗುರುತು ಯಾವ ಕಡೆ ಮಾಡಿದೆ?"

"ಹೊರಗೆ."

"ಗುರುತು ಒಳಮೈಗೆ ಹಾಕೋದಲ್ವೇನೇ? ಹೊರಗೆ ಹಾಕಿದ್ರೆ ಗಿರಾಕಿ ಉಗೀತಾನೆ."

ಇಪ್ಪತ್ತು ವರ್ಷ ಟೈಲರ್ ಜೊತೆ ಸಂಸಾರ ಮಾಡಿ ಇದು ಗೊತ್ತಿರಲಿಲ್ಲ. ಇಡೀ ಗಾಡಿಯನ್ನೇ ಉಲ್ಟಾ ಹೊಲಿದಿದ್ದೇನೆ. ತಪ್ಪು ಯಾರದು ಅಂತ ಊಟದವರೆಗೂ ಜಗಳ. ಮತ್ತೆ ಬಿಚ್ಚಲು ಹೊತ್ತಿಲ್ಲ. ಅಳು ಬಂತು, ಅತ್ತೆ ಬೇರೆ ನೋಡಿದರು.

"ಎಲ್ಲಾ ಉಲ್ಟಾ ಅಂತೀರಲ್ಲ," ಅಂದರು ಅತ್ತೆ, ಸೀರೆ ಝಾಡಿಸುತ್ತಾ. "ಹಂಗಾದ್ರೆ ಹಿಂದಕ್ಕೆ ಹೋಗೋ ಗೇರು?"

ಇವರು ನನ್ನನ್ನು ನೋಡಿದರು. ನಾನು ಇವರನ್ನು.

ಮಾರ್ಚ್ ೨, ಭಾನುವಾರ, ಸಂಜೆ

ರಿವರ್ಸ್ ಗೇರಿನಲ್ಲಿ ಮುಂದಕ್ಕೆ ಹೊರಟೆ. ಓಟ ಅಂದರೆ ಆಮೆಯ ಓಟ. ನಾಯಿಯೊಂದು ಬೊಗಳಿ ಬೊಗಳಿ ಬೇಸರವಾಗಿ ಮಲಗಿತು. ನಮ್ಮ ಜೊತೆಯೇ ನಡೆದು ಹೊರಟ ಅತ್ತೆ ನಾವು ತಲುಪುವಷ್ಟರಲ್ಲಿ ಟೀ ಮುಗಿಸಿದ್ದರು.

ಗೇಟಿನ ಹತ್ತಿರ ಗುಜರಿಯವನ ಲಾರಿ. ಅದನ್ನು ದಾಟಿ ಅಂಗಳದಲ್ಲಿ ನಿಲ್ಲಿಸಿದೆ. ಅಣ್ಣ ಮಾತಿಗೆ ತಪ್ಪಲಿಲ್ಲ. "ನಿನ್ನದೇ" ಅಂದ. ಆದರೆ ಒಳಗೆ ಹೋಗಲಿಲ್ಲ. ಮಡ್‌ಗಾರ್ಡ್ ಸವರುತ್ತಾ ನಿಂತ.

"ಯಾಕಿಷ್ಟು ನಿಧಾನಕ್ಕೆ ಬಂದೆ?"

"ಹೊಸ ಗೇರು. ಪಳಗಬೇಕು."

ಇವರಿಗೆ ಕೆಮ್ಮು ಬಂತು.

"ಒಂದು ಸುತ್ತು ಹೋಗ್ಲಾ?" ಅಂದ ಅಣ್ಣ. ತಲೆ ನರೆತವನು, ದನಿ ಮಾತ್ರ ಅಪ್ಪನ ಹತ್ತಿರ ಕೇಳುತ್ತಿದ್ದ ಆಗಿನ ಹುಡುಗನದೇ. ಇವನ ಸಿಟ್ಟು ಟ್ರ್ಯಾಕ್ಟರ್ ಮೇಲಲ್ಲ ಅಂತ ಇಷ್ಟು ವರ್ಷ ನನಗೆ ಹೊಳೆದಿರಲೇ ಇಲ್ಲ. ಇಳಿದು, ಮಡ್‌ಗಾರ್ಡ್ ಮೇಲೆ ಕೂತೆ.

"ಹತ್ತು" ಅಂದೆ. "ಬಲ ಬೇಡ, ಕಿವಿ ಕೊಡು."

ಕ್ಲಚ್ ಒತ್ತಿದ. ಕಿವಿ ಕೊಟ್ಟ. ಮೆಲ್ಲಗೆ ಫಸ್ಟ್ ಹಾಕಿದ. ಒಂದು ಹಲ್ಲೂ ಕಡಿಯಲಿಲ್ಲ. "ನೋಡಿದ್ಯಾ?" ಅಂತ ನನ್ನತ್ತ ತಿರುಗಿದ. ಆ ಮುಖ ನೋಡುತ್ತಾ ಎಲ್ಲ ಮರೆತೆ. ಅವನಿಗೆ ಹೇಳಬೇಕಾಗಿದ್ದ ಮಾತನ್ನೂ. ಕ್ಲಚ್ ಬಿಟ್ಟ. ಹಿಂದೆ ಗುಜರಿಯವನ ಲಾರಿ—